ಈರುಳ್ಳಿ ಹೆಚ್ಚು

ಎಲ್ಲ ರಾಮಾಯಣಕ್ಕೂ ಕಾರಣ ಒಂದೇ ಒಂದು ಮಾತು. ಅದೂ ಹೆಂಡತಿ ಹೇಳಿದ ಮಾತು. ಮೀರುವ ಧೈರ್ಯ ಅವನಿಗಿರಲಿಲ್ಲ.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಅವನದು ಬೀದಿಯ ಕೊನೆಯಲ್ಲಿ ಕನ್ನಡಕದ ಅಂಗಡಿ. ಇಬ್ಬರೂ ಮನೆ ಸೇರುವಷ್ಟರಲ್ಲಿ ಮಗಳು ಬಿಸ್ಕತ್ತಿನ ಡಬ್ಬಿ ಖಾಲಿ ಮಾಡಿ ಕೂತಿರುತ್ತಿದ್ದಳು. ಬೀದಿಯ ಎಲ್ಲ ಮನೆಗಳದ್ದೂ ಇದೇ ಪಾಡು. ಹಾಗಾಗಿ ಎಲ್ಲರೂ ಸೇರಿ ಒಂದು ಏರ್ಪಾಟು ಮಾಡಿಕೊಂಡಿದ್ದರು: ಸಂಜೆಗೊಂದು ಮನೆಯವರು ಬೀದಿಗೆಲ್ಲ ಅಡುಗೆ ಮಾಡುವುದು, ಮಿಕ್ಕವರು ತಟ್ಟೆ ಹಿಡಿದುಕೊಂಡು ಎಲ್ಲರಿಗೂ ಸೇರಿದ ಅಂಗಳದ ಉದ್ದ ಮೇಜಿಗೆ ಬರುವುದು. ಮಗಳಿಗಂತೂ ಆ ಮೇಜೇ ಪ್ರಪಂಚ.

ಆದರೆ ಹೋದ ಸರದಿಯಲ್ಲಿ ಹೆಂಡತಿ ಇಲ್ಲದ ದಿನ ಅವನು ಸೂಪನ್ನೂ ಸೀಯಿಸಿ ಪಾತ್ರೆಯನ್ನೂ ಸೀಯಿಸಿದ್ದ. ಸರದಿಯ ಯಜಮಾನಿಕೆಯನ್ನು ಯಾರೂ ಕೇಳದೆಯೇ ವಹಿಸಿಕೊಂಡಿದ್ದ ನಿವೃತ್ತ ಮೇಷ್ಟ್ರು, "ಇನ್ನೊಂದ್ಸಲ ಹೀಗಾದ್ರೆ ನಿಮ್ಮನೇನ ಸರದಿಯಿಂದ ತೆಗೀಬೇಕಾಗುತ್ತೆ, ನೋಡಿ" ಎಂದಿದ್ದರು. ಆ ರಾತ್ರಿ ಮಗಳು ಅವನ ಕಡೆ ಬೆನ್ನು ಮಾಡಿ ಮಲಗಿದ್ದಳು. ಅವನಿಗೆ ಅದೇ ಹೆಚ್ಚು ನೋವಾಗಿತ್ತು.

ಇವತ್ತು ಮತ್ತೆ ಅವರ ಸರದಿ. ಅಡುಗೆ ಹೆಂಡತಿಯದೇ ಎಂದು ಅವನು ನಿಶ್ಚಿಂತನಾಗಿದ್ದ. ಮಧ್ಯಾಹ್ನ ಫೋನು ಬಂತು.

"ಕೇಳಿಸ್ಕೋ, ನಂಗೆ ಡ್ಯೂಟಿ ಮುಂದುವರೀತು. ಅಡುಗೆ ನೀನೇ ಮಾಡ್ಬೇಕು. ತರಕಾರಿ ಸೂಪು, ಅಷ್ಟೇ. ಈರುಳ್ಳಿ ಹೆಚ್ಚು. ಹಸಿಮೆಣಸಿನಕಾಯಿ ಹೆಚ್ಚು. ಉಪ್ಪು ಮಾತ್ರ ಕಮ್ಮಿ, ಮೇಷ್ಟ್ರಿಗೆ ಆಗಲ್ಲ. ಇಡ್ತೀನಿ!"

ಅವನು ದಿನವಿಡೀ "ಈ ಗಾಜಲ್ಲಿ ಹೆಚ್ಚು ಕಾಣುತ್ತಾ, ಕಮ್ಮಿ ಕಾಣುತ್ತಾ?" ಎಂದು ಕೇಳಿ ಹೊಟ್ಟೆ ಹೊರೆಯುವವನು. ಹೆಚ್ಚು ಎಂದರೆ ಕತ್ತರಿಸು ಎಂಬ ಇನ್ನೊಂದು ಅರ್ಥ ಅವನ ಅಂಗಡಿಯಲ್ಲಿ ಯಾವತ್ತೂ ಮಾರಾಟವಾಗಿರಲಿಲ್ಲ. ಈರುಳ್ಳಿ ಹೆಚ್ಚು, ಮೆಣಸಿನಕಾಯಿ ಹೆಚ್ಚು, ಉಪ್ಪು ಕಮ್ಮಿ. ಇದಕ್ಕಿಂತ ಸ್ಪಷ್ಟವಾಗಿ ಯಾರು ತಾನೇ ಹೇಳಬಲ್ಲರು?

ಅಂಗಡಿ ಬೇಗ ಮುಚ್ಚಿ ಬಂದವನೇ ಬುಟ್ಟಿಯ ಈರುಳ್ಳಿಯನ್ನೆಲ್ಲ ಸುಲಿದು ಇಡಿಯಾಗಿ ಪಾತ್ರೆಗೆ ಸುರಿದ. ಮೆಣಸಿನಕಾಯಿಯನ್ನು ತೊಟ್ಟಿನ ಸಮೇತ ಸುರಿದ. ಇನ್ನೂ ಹೆಚ್ಚಿರಲಿ ಎಂದು ತರಕಾರಿ ಅಂಗಡಿಗೆ ಓಡಿ ಮತ್ತೊಂದಿಷ್ಟು ತಂದು ಸುರಿದ. ಕುದಿ ಬಂತು. ಒಂದು ಚಮಚ ಬಾಯಿಗಿಟ್ಟ. ಕಿವಿಯೊಳಗೆ ಯಾರೋ ಸೀಟಿ ಊದಿದಂತಾಯಿತು.

ಅಷ್ಟರಲ್ಲಿ ಮತ್ತೆ ಫೋನು. "ಮೆಣಸಿನಕಾಯಿ ಹೆಚ್ಚಿದ್ಯಾ?"

"ಹೆಚ್ಚಾಯ್ತು ಕಣೇ!" ಎಂದ ಅವನು, ಅಳುವುದೊಂದು ಬಾಕಿ.

"ಆಯ್ತಲ್ಲ, ಜಾಣ," ಎಂದು ಅವಳು ನೆಮ್ಮದಿಯಿಂದ ಫೋನಿಟ್ಟಳು.

ಘಾಟಿಗೆ ಮೊದಲು ಇಳಿದು ಬಂದವರು ಮೇಲ್ಮನೆಯ ದರ್ಜಿ ಅಕ್ಕ, ಕುತ್ತಿಗೆಯಲ್ಲಿ ಅಳತೆಯ ಟೇಪು ನೇತುಹಾಕಿಕೊಂಡೇ. "ಅಯ್ಯೋ ತಮ್ಮಾ, ಏನು ಬೇಯಿಸ್ತಿದೀಯೋ? ಮೇಲೆ ಹೊಲಿಗೆ ಮಿಷನ್ನೂ ಸೀನ್ತಿದೆ!" ರುಚಿ ನೋಡಿ, ಕಣ್ಣೊರೆಸಿಕೊಂಡು, "ಆಲೂಗಡ್ಡೆ ಹಾಕು, ಖಾರ ಹೀರ್ಕೊಳ್ಳುತ್ತೆ" ಎಂದರು. ಆಲೂಗಡ್ಡೆ ಬಿತ್ತು. ಅದು ಹೀರಿದ್ದು ನೀರನ್ನು ಮಾತ್ರ.

ಬೇಡವೆಂದರೂ ಮೂಗು ತೂರಿಸುವ ಮೇಷ್ಟ್ರು ಇವತ್ತು ಆ ಮೂಗನ್ನು ಕರ್ಚೀಫಿನಲ್ಲಿ ಮುಚ್ಚಿಕೊಂಡು ಬಂದರು. "ಹಾಲು ಹಾಕಿ. ಖಾರಕ್ಕೆ ಹಾಲೇ ಮದ್ದು." ಹಾಲು ಬಿತ್ತು, ಪಾತ್ರೆ ತುಳುಕಿತು. ಅಕ್ಕ ತಮ್ಮ ಮನೆಯ ದೊಡ್ಡ ಹಂಡೆ ತಂದರು. ಹಂಡೆ ಬಂದ ಮೇಲೆ ನೀರು, ನೀರಿನ ಮೇಲೆ ಹಿಟ್ಟು, ಹಿಟ್ಟಿನ ಮೇಲೆ ಮೇಷ್ಟ್ರು ಹೇಳಿದ ಸಕ್ಕರೆ. ಸೂಪು ಊರಿಗಾಗುವಷ್ಟಾಯಿತು. ಖಾರ ಮಾತ್ರ ಜಾಗ ಬಿಟ್ಟು ಕದಲಲಿಲ್ಲ.

ಮಗಳು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. "ಅಪ್ಪಾ, ನಮ್ಮನ್ನ ತೆಗೆದುಹಾಕ್ತಾರಾ?"

"ಇಲ್ಲ ಪುಟ್ಟಾ," ಎಂದ. ಹಂಡೆಗೆ ಇನ್ನೊಂದು ಚೆಂಬು ನೀರು ಸುರಿದ.

ಮೇಜಿನ ಸುತ್ತ ಬೀದಿಯೆಲ್ಲ ಸೇರಿತು. ಮೊದಲ ಗುಟುಕಿಗೆ ಎಲ್ಲರ ಕೈಯೂ ನೀರಿನ ಲೋಟಕ್ಕೆ ಹೋಯಿತು. ಎರಡನೆಯದಕ್ಕೆ ಎಲ್ಲರ ಮೂಗೂ ಸೋರತೊಡಗಿತು. ಮೇಷ್ಟ್ರ ಬಟ್ಟಲಿನಲ್ಲಿ ಇಡೀ ಈರುಳ್ಳಿಯೊಂದು ಚೆಂಡಿನಂತೆ ತೇಲುತ್ತಿತ್ತು. ಅವರು ಅದನ್ನು ಚಮಚದಲ್ಲಿ ಎತ್ತಿ ಹಿಡಿದು, "ಇದೇನ್ರೀ, ಹೆಚ್ಚಲೇ ಇಲ್ವಾ?" ಎಂದರು.

"ಇದಕ್ಕಿಂತ ಹೆಚ್ಚಾ? ಬುಟ್ಟಿ ಪೂರ್ತಿ ಹಾಕಿದೀನಲ್ಲ ಸಾರ್!"

ಎಲ್ಲರೂ ತಮ್ಮ ತಮ್ಮ ಬಟ್ಟಲಿನ ಈರುಳ್ಳಿ ನೋಡಿಕೊಂಡರು. ಆಮೇಲೆ ಅಕ್ಕ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ನಗು ಮೇಜಿನ ಈ ತುದಿಯಿಂದ ಆ ತುದಿಗೆ ಹಬ್ಬಿತು. ಖಾರಕ್ಕೆ ಬಂದ ನೀರು ಯಾವುದು, ನಗುವಿಗೆ ಬಂದದ್ದು ಯಾವುದು ತಿಳಿಯದಂತೆ ಎಲ್ಲರೂ ಕಣ್ಣೊರೆಸಿಕೊಂಡರು. ಸೂಪಿನ ಜೊತೆಗೆಂದು ಇಟ್ಟಿದ್ದ ಬ್ರೆಡ್ಡೆಲ್ಲ ಖಾಲಿಯಾಯಿತು. ಯಾರೂ ಎದ್ದು ಹೋಗಲಿಲ್ಲ. ಆ ಮೇಜಿನಲ್ಲಿ ಅಷ್ಟು ಹೊತ್ತು ಯಾರೂ ಹಿಂದೆ ಕೂತದ್ದೇ ಇರಲಿಲ್ಲ. ಮೇಷ್ಟ್ರು ದೀರ್ಘವಾಗಿ ಉಸಿರೆಳೆದು, "ವಾರದಿಂದ ಕಟ್ಟಿದ್ದ ಮೂಗು ಬಿಡ್ತು" ಎಂದು ಒಪ್ಪಿಕೊಂಡರು.

ಹಿರಿಯರು ಮೂಲೆಗೆ ಹೋಗಿ ಗುಸುಗುಸು ಮಾಡಿ ಬಂದರು. ಮಗಳು ಅವನ ಅಂಗಿಯ ಚುಂಗು ಹಿಡಿದು ನಿಂತಳು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ನಿಮ್ಮನೇನ ಸರದಿಯಿಂದ ತೆಗೆಯೋದಿಲ್ಲ. ಆದ್ರೆ ನಾಳೆಯಿಂದ ನಿಮಗೆ ಹೆಚ್ಚೋ ಕೆಲಸ."

ಅವನ ಕಣ್ಣು ತುಂಬಿ ಬಂತು. "ಸಾರ್, ಹೆಚ್ಚು ಕೆಲಸ ಅಂತ ನಾನು ಹಿಂದೆ ಸರಿಯೋನಲ್ಲ! ಎಷ್ಟು ಹೆಚ್ಚಾದ್ರೂ ಕೊಡಿ, ದಿನಾ ಬೇಕಾದ್ರೂ ಮಾಡ್ತೀನಿ!"

ಚಪ್ಪಾಳೆ ಬಿತ್ತು. "ದಿನಾ ಅಂದ್ರಲ್ಲ, ಎಲ್ಲರೂ ಕೇಳಿಸ್ಕೊಂಡ್ರಿ ತಾನೇ?" ಎಂದು ಮೇಷ್ಟ್ರು ಸಾಕ್ಷಿ ಹಾಕಿಸಿಕೊಂಡರು. ಅವನು ಕೈಮುಗಿದು ಹಲ್ಲು ಬಿಟ್ಟ.

ಮಗಳು ಅಂಗಿ ಜಗ್ಗಿದಳು. "ಅಪ್ಪಾ, ಹೆಚ್ಚು ಅಲ್ಲ, ಹೆಚ್ಚೋ! ಯಾರ ಮನೆ ಸರದಿ ಆದ್ರೂ ದಿನಾ ಈರುಳ್ಳಿ ಹೆಚ್ಚೋದು ನೀನೇ."

ಆಗ ಅವನ ತಲೆಯೊಳಗೆ ಮಧ್ಯಾಹ್ನದ ಫೋನು ಮತ್ತೊಮ್ಮೆ ಮೊಳಗಿತು, ಈ ಸಲ ಸರಿಯಾದ ಅರ್ಥದಲ್ಲಿ. ಆದರೆ ಮಗಳು ನಗುತ್ತಿದ್ದಳು. ಅವಳ ತಟ್ಟೆಗೆ ಆ ಮೇಜಿನಲ್ಲಿ ಜಾಗ ಉಳಿದಿತ್ತು. ಹೋಗಲಿ ಬಿಡು ಎಂದುಕೊಂಡ.

ಮರುಸಂಜೆ ದರ್ಜಿ ಅಕ್ಕನ ಸರದಿ. ಅವನು ಕಣ್ಣುರಿಯದಂತೆ, ಅಂಗಡಿಯಿಂದ ತಂದ, ಕಣ್ಣನ್ನು ಪೂರ್ತಿ ಮುಚ್ಚುವ ಕನ್ನಡಕ ಹಾಕಿಕೊಂಡು, ಮೇಜಿನ ಮುಂದೆ ಚಾಕು ಹಿಡಿದು ಕೂತ. ಅಕ್ಕ ಮೂಟೆಯೊಂದನ್ನು ಎಳೆದು ತಂದರು.

"ಈರುಳ್ಳಿ ಎಷ್ಟಿದೆ ಅಕ್ಕಾ?"

ಅಕ್ಕ ಮೂಟೆಯ ಬಾಯಿ ಬಿಚ್ಚಿ ಅವನ ಮುಂದೆ ಸುರಿದರು.

"ಹೆಚ್ಚು" ಎಂದರು.

ಯಾವ ಅರ್ಥದಲ್ಲಿ ಎಂದು ಅವನು ಕೇಳಲಿಲ್ಲ.