ಬರಿ ತಟ್ಟೆ ವಾಪಸು ಕೊಡುವ ಹಾಗಿಲ್ಲ

ಈ ಸಲದ ಕ್ರಿಸ್ಮಸ್ ರಜೆಯಲ್ಲಿ ಆರೋಗ್ಯವಂತಳಾಗಿಯೇ ತೀರುವುದೆಂದು ನಾನು ನಿಶ್ಚಯಿಸಿದ್ದೆ. ಕಾರಣ, ಮೂಡುಬಿದಿರೆಯ ನಮ್ಮ ಡಾಕ್ಟರು. ರಕ್ತ ಪರೀಕ್ಷೆಯ ಚೀಟಿ ನೋಡಿ, "ಟೀಚರ್, ಸಕ್ಕರೆ ಗಡಿಯಲ್ಲಿ ಉಂಟು. ರಜೆಯಲ್ಲಿ ಸ್ವಲ್ಪ ಪಥ್ಯ ಮಾಡಿ, ಆರಾಮ ಮಾಡಿ. ಶಾಲೆ ಸುರು ಆಗುವ ಮೊದಲು ಇನ್ನೊಮ್ಮೆ ನೋಡುವ. ಇಳಿಯದಿದ್ದರೆ ಮಾತ್ರೆ" ಎಂದಿದ್ದರು.

ಮಾತ್ರೆ ಎಂದರೆ ನನಗೆ ಹೆದರಿಕೆ. ಒಮ್ಮೆ ಸುರುವಾದರೆ ಊಟದ ಬಟ್ಟಲಿನ ಪಕ್ಕದಲ್ಲಿ ಅದಕ್ಕೊಂದು ಖಾಯಂ ಜಾಗ! ಹಾಗಾಗಿ ಮನೆಗೆ ಬಂದವಳೇ ಆದೇಶ ಹೊರಡಿಸಿದೆ: "ರಜೆ ಮುಗಿಯುವ ತನಕ ಈ ಮನೆಯಲ್ಲಿ ಸಿಹಿ ಪದಾರ್ಥಗಳ ತಯಾರಿ, ಸಂಗ್ರಹ ಮತ್ತು ಸೇವನೆಯನ್ನು ನಿಷೇಧಿಸಲಾಗಿದೆ." ಸಕ್ಕರೆ ಡಬ್ಬಿ ಅಟ್ಟ ಸೇರಿತು.

ನನ್ನ ಗಂಡ ಜಗದೀಶ ಪೇಪರಿನಿಂದ ತಲೆ ಎತ್ತಿದರು. "ಚಾಕ್ಕೂ ಇಲ್ವಾ?"

"ಚಾಕ್ಕೂ ಇಲ್ಲ."

"ನನ್ನದು ಗಡಿಯಲ್ಲಿ ಇಲ್ಲ ಮಾರಾಯ್ತಿ."

"ಗಡಿಗೆ ಬರ್ಲಿಕ್ಕೆ ಎಷ್ಟು ಹೊತ್ತು ಬೇಕು?" ಎಂದೆ. ಅವರು ಮತ್ತೆ ಪೇಪರಿಗೆ ಮರಳಿದರು.

ಮೊದಲ ದಿನ ಬೆಳಿಗ್ಗೆ ವಾಕಿಂಗ್, ಮಧ್ಯಾಹ್ನ ಮುಳ್ಳುಸೌತೆ, ಅನಂತರ ಸುಖವಾದ ನಿದ್ದೆ. ಆರೋಗ್ಯ ಇಷ್ಟು ಸುಲಭವೆಂದು ಗೊತ್ತಿದ್ದರೆ ಮೊದಲೇ ಶುರು ಮಾಡುತ್ತಿದ್ದೆನಲ್ಲ ಎನಿಸಿತು.

ಮರುದಿನ ಪಕ್ಕದ ಮನೆಯ ಲಿಲ್ಲಿಬಾಯಿ ಬಂದರು. ಕೈಯಲ್ಲಿ ಕಸೂತಿ ಬಟ್ಟೆ ಮುಚ್ಚಿದ ದೊಡ್ಡ ಸ್ಟೀಲ್ ತಟ್ಟೆ. ಬಟ್ಟೆಯಡಿಯಲ್ಲಿ ಹಬ್ಬದ ಕುಸ್ವಾರ್: ಕೇಕು, ತುಕ್ಡಿ, ರೋಸ್ ಕುಕ್ಕಿ, ಮತ್ತೆ ನೆವ್ರಿ, ಅಂದರೆ ನಮ್ಮ ಕರ್ಜಿಕಾಯಿ. ಅಂಚನ್ನು ಜಡೆ ಹೆಣೆದ ಹಾಗೆ ಮಡಚುವುದು ಲಿಲ್ಲಿಬಾಯಿಯ ಕೈಚಳಕ. ಹಬ್ಬದ ತಟ್ಟೆಯನ್ನು ಬೇಡ ಎನ್ನುವುದುಂಟೇ? ನನಗೆ ಸಕ್ಕರೆ ಉಂಟು ಎಂದು ಹೇಳೋಣವೆಂದರೆ ಸುದ್ದಿ ನನಗಿಂತ ಮೊದಲು ಶಾಲೆಗೆ ತಲುಪುತ್ತದೆ. ನಗುತ್ತಾ ತೆಗೆದುಕೊಂಡೆ.

ಉಪಾಯ ಹೊಳೆಯಿತು. ಹಿಂದಿನ ಮನೆಯ ಸರೋಜಕ್ಕ ಹಬ್ಬಕ್ಕೆ ಊರಲ್ಲಿರಲಿಲ್ಲ. ಬಂಟ್ವಾಳದ ಮಗಳ ಮನೆಯಿಂದ ಅಂದೇ ಬಂದಿದ್ದರು. ಎಲ್ಲವನ್ನೂ ಅವರಿಗೆ ಕೊಟ್ಟುಬಿಡುವುದು! ಆದರೆ ಕೆಟ್ಟಿದೆಯೋ ಎಂದು ನೋಡದೆ ಇನ್ನೊಬ್ಬರಿಗೆ ಕೊಡುವುದು ಜವಾಬ್ದಾರಿಯುತ ನಾಗರಿಕರ ಲಕ್ಷಣವಲ್ಲ. ಪ್ರತಿಯೊಂದು ಬಗೆಯಲ್ಲೂ ಒಂದೊಂದನ್ನು ಪರೀಕ್ಷಿಸಿದೆ. ನೆವ್ರಿಯ ಬಗ್ಗೆ ಸಂಶಯ ಉಳಿದದ್ದರಿಂದ ಎರಡನೆಯದನ್ನೂ ಪರೀಕ್ಷಿಸಬೇಕಾಯಿತು. ಉಳಿದದ್ದನ್ನು ನನ್ನ ಡಬ್ಬಿಗೆ ತುಂಬಿಸಿ ಒಯ್ದೆ.

"ನೀವೇ ಮಾಡಿದ್ದಾ ಟೀಚರ್?" ಸರೋಜಕ್ಕ ಕೇಳಿದರು.

"ಮನೆಯಲ್ಲೇ ಮಾಡಿದ್ದು" ಎಂದೆ. ಯಾರ ಮನೆಯಲ್ಲಿ ಎಂದು ಹೇಳಲಿಲ್ಲ.

ಸಂಜೆ ಡಬ್ಬಿ ವಾಪಸು ಬಂತು. ಬರಿದಾಗಿ ಅಲ್ಲ. ತುಪ್ಪ ಜಿನುಗುವ ಕಾಶಿ ಹಲ್ವ ತುಂಬಿಕೊಂಡು!

ಇತ್ತ ಲಿಲ್ಲಿಬಾಯಿಯ ತಟ್ಟೆ ನಮ್ಮಲ್ಲೇ ಇತ್ತು. ನಮ್ಮ ಕಡೆ ತಿಂಡಿ ಬಂದ ತಟ್ಟೆಯನ್ನು ಬರಿದಾಗಿ ಯಾರೂ ಮರಳಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಮುಷ್ಟಿ ಸಕ್ಕರೆಯಾದರೂ ಹಾಕುತ್ತಾರೆ. ನನ್ನ ಸಕ್ಕರೆ ಅಟ್ಟದಲ್ಲಿ. ಹಾಗಾಗಿ ಹಲ್ವವನ್ನು ಪರೀಕ್ಷಿಸಿ, ತಟ್ಟೆಗೆ ಹಾಕಿ ಕೊಟ್ಟು ಬಂದೆ. ಮರುದಿನ ನಾನು ನಿದ್ದೆಗೆ ಜಾರುವ ಹೊತ್ತಿಗೆ ಬೆಲ್ ಆಯಿತು.

"ಹಲ್ವ ಭಾರಿ ಲಾಯ್ಕ ಆಗಿತ್ತು ಟೀಚರ್" ಎಂದರು ಲಿಲ್ಲಿಬಾಯಿ. ತಟ್ಟೆಯಲ್ಲಿ ಮತ್ತೆ ಕುಸ್ವಾರ್, ಮೊದಲಿಗಿಂತ ಎತ್ತರಕ್ಕೆ.

ಅಲ್ಲಿಗೆ ನನ್ನ ಆರಾಮ ಮುಗಿಯಿತು. ತಟ್ಟೆ ಆಚೆ ಹೋದರೆ ಡಬ್ಬಿ ಈಚೆ, ಡಬ್ಬಿ ಆಚೆ ಹೋದರೆ ತಟ್ಟೆ ಈಚೆ. ಮಧ್ಯೆ ನನ್ನ ಪರೀಕ್ಷಾ ಕೇಂದ್ರ. ಕೊನೆಗೆ ಈ ಬೀದಿಯ ಸಹವಾಸವೇ ಬೇಡವೆಂದು, ಉಳಿದದ್ದೆಲ್ಲ ಚೀಲಕ್ಕೆ ತುಂಬಿಸಿ, ಬಸ್ಸು ಹತ್ತಿ ವೇಣೂರಿನ ಅತ್ತಿಗೆಯ ಮನೆಗೆ ಹೋದೆ. ಚೀಲ ಖಾಲಿಯಾದಾಗ ಎಷ್ಟು ಹಗುರವೆನಿಸಿತು! ಹೊರಡುವಾಗ ಅತ್ತಿಗೆ ಕೈ ಹಿಡಿದು ನಿಲ್ಲಿಸಿದರು.

"ಬರಿ ಚೀಲ ತಕೊಂಡು ಹೋಗ್ತೀಯಾ? ಬಾಳೆಹಣ್ಣಿನ ಹಲ್ವ ಮಾಡಿದ್ದೇನೆ. ಜಗ್ಗುವಿಗೆ ಇಷ್ಟ ಅಲ್ವಾ?"

ಬಸ್ಸಿನಲ್ಲಿ ಸೀಟು ಸಿಗಲಿಲ್ಲ, ಅಳು ಮಾತ್ರ ಬಂತು. ಮನೆಗೆ ಬಂದು ಬೇಸರಕ್ಕೆ ಎರಡು ತುಂಡು ತಿಂದೆ. ಆ ಎರಡು ತುಂಡನ್ನು ಪರೀಕ್ಷೆ ಎನ್ನಲು ನನಗೂ ನಾಚಿಕೆಯಾಯಿತು.

ರಜೆ ಮುಗಿಯುವ ಹಿಂದಿನ ದಿನ ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಡಾಕ್ಟರಲ್ಲಿಗೆ ಹೋದೆ. ಬೆಂಚಿನಲ್ಲಿ ಆಗಲೇ ಇಬ್ಬರು ಕೂತಿದ್ದರು. ಲಿಲ್ಲಿಬಾಯಿ ಮತ್ತು ಸರೋಜಕ್ಕ! ಇಬ್ಬರೂ ಸರಿದು ನನಗೂ ಜಾಗ ಮಾಡಿಕೊಟ್ಟರು.

"ನನಗೂ ಗಡಿಯಲ್ಲಿ ಉಂಟಂತೆ" ಎಂದರು ಲಿಲ್ಲಿಬಾಯಿ. "ಹಬ್ಬಕ್ಕೆ ಮಾಡದೆ ಇರ್ಲಿಕ್ಕೆ ಆಗ್ತದಾ? ಮನೆಯಲ್ಲಿ ಇದ್ರೆ ಕೈ ಹೋಗ್ತದೆ. ಅದಕ್ಕೆ ಮಾಡಿದ್ದೆಲ್ಲ ಹಂಚಿದೆ. ನೀವು ನೆವ್ರಿ ಮಾಡಿದ್ರಂತೆ ಟೀಚರ್. ಸರೋಜಕ್ಕ ನನಗೂ ತಂದುಕೊಟ್ರು. ಅಂಚು ಮಡಚಿದ್ದು ನನ್ನ ಹಾಗೇ ಉಂಟು."

ನಾನು ಗೋಡೆಯ ಮೇಲಿನ ಗರ್ಭಿಣಿಯರ ಆಹಾರ ಪಟ್ಟಿಯನ್ನು ಬಹಳ ಗಮನವಿಟ್ಟು ಓದಿದೆ.

"ನನ್ನ ಕಾಶಿ ಹಲ್ವವೂ ಲಿಲ್ಲಿಬಾಯಿಯ ಮನೆಯಿಂದ ನನಗೇ ವಾಪಸು ಬಂತು" ಎಂದರು ಸರೋಜಕ್ಕ. "ನನ್ನದೂ ಗಡಿಯಲ್ಲೇ. ನಾನೂ ಅಷ್ಟೇ, ಬಂದದ್ದನ್ನು ಬಂದ ಹಾಗೇ ದಾಟಿಸಿದೆ."

"ಹಾಳಾಗಿದೆಯಾ ಅಂತ ತಿಂದು ನೋಡ್ಲಿಲ್ವಾ?" ಮೆಲ್ಲಗೆ ಕೇಳಿದೆ.

"ತಿನ್ನುದು ಯಾಕೆ? ಮೂಸಿದ್ರೆ ಗೊತ್ತಾಗುದಿಲ್ವಾ?"

ಇಷ್ಟು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದ ನನಗೆ, ನನಗೂ ಒಂದು ಮೂಗು ಉಂಟೆಂಬುದು ಹೊಳೆದಿರಲಿಲ್ಲ.

ಇಬ್ಬರಿಗೂ ಸಕ್ಕರೆ ಇಳಿದಿತ್ತು. ನನ್ನ ಚೀಟಿಯನ್ನು ಡಾಕ್ಟರು ಎರಡು ಸಲ ನೋಡಿದರು. "ಟೀಚರ್, ಇದು ಗಡಿ ದಾಟಿ ತುಂಬಾ ದೂರ ಹೋಗಿದೆ. ಎಂಥ ತಿಂದ್ರಿ?"

ಎಂಥ ಹೇಳುವುದು? ಮೂರು ಮನೆಯವರಲ್ಲಿ ತಿಂದವಳು ನಾನೊಬ್ಬಳೇ!

ಮಾತ್ರೆ ಹಿಡಿದು ಮನೆಗೆ ಬಂದರೆ, ಅಡಿಗೆಮನೆಯಲ್ಲಿ ಲಿಲ್ಲಿಬಾಯಿಯ ತಟ್ಟೆ ಖಾಲಿ ಕೂತಿತ್ತು.

"ಬರಿ ತಟ್ಟೆ ಕೊಡ್ಲಿಕ್ಕೆ ಆಗ್ತದಾ?" ಎಂದರು ಜಗದೀಶ, ಅಟ್ಟದಿಂದ ಸಕ್ಕರೆ ಡಬ್ಬಿ ಇಳಿಸುತ್ತಾ. "ಮಾತ್ರೆಯನ್ನೇ ಇಟ್ಟು ಕೊಡು."

ಕೊಡಬಹುದಿತ್ತು. ಆದರೆ ಲಿಲ್ಲಿಬಾಯಿಗೆ ಮಾತ್ರೆ ಬೇಕಾಗಿಲ್ಲ.