ಕಂಬಕ್ಕೆ ಹೇಳಿದ ವಂಶಾವಳಿ

ಸಮಾಜಶಾಸ್ತ್ರ ಓದುವವನ ದೊಡ್ಡ ತೊಂದರೆ ಎಂದರೆ, ಅವನೂ ಯಾರಿಗಾದರೂ ಏನಾದರೂ ಆಗಿರುತ್ತಾನೆ. ಸಸ್ಯಶಾಸ್ತ್ರದವನಿಗೆ ಈ ಕಷ್ಟವಿಲ್ಲ. ಹುಣಸೇಮರ ಅವನನ್ನು ತಡೆದು, ನೀನು ಯಾರ ಪೈಕಿ ಎಂದು ಕೇಳುವುದಿಲ್ಲ.

ಐವತ್ತರ ದಶಕದ ಕೊನೆಯಲ್ಲಿ ನಾನು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೆ. ಯಾವುದಾದರೊಂದು ಹಳ್ಳಿಯ ನೆಂಟಸ್ತಿಕೆಯ ನಕ್ಷೆ ತಯಾರಿಸಿ ತರಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ನಮ್ಮ ಮೇಷ್ಟ್ರು ಹೇಳಿದ್ದರು. ಹೊರಡುವಾಗ, ಅಲ್ಲಿಯವರಲ್ಲಿ ಒಬ್ಬನಾಗು ಎಂಬ ಉಪದೇಶವನ್ನೂ ಕೊಟ್ಟರು. ನಾನು ಗೌರಿಬಿದನೂರಿನವನು. ಮಂಡಿಕಲ್ ಹತ್ತಿರದ ಒಂದು ಹಳ್ಳಿಯನ್ನು ಆರಿಸಿಕೊಂಡೆ. ಅಲ್ಲಿ ನನ್ನನ್ನು ಬಲ್ಲವರು ಯಾರೂ ಇಲ್ಲ ಎಂಬುದೇ ಕಾರಣ.

ಊರಿನ ಸಂಬಂಧಗಳೆಲ್ಲ ನಾನು ಇಳಿದುಕೊಂಡಿದ್ದ ಮನೆಯ ಯಜಮಾನಿ ನಂಜಮ್ಮನವರಿಗೆ ಬಾಯಿಪಾಠವಾಗಿದ್ದವು. ಮೊದಲ ದಿನ ಅವರು ಜಗಲಿಯ ಮೇಲೆ ನನ್ನೆದುರೇ ಕೂತು, ಅವರೇಕಾಯಿ ಸುಲಿಯುತ್ತಾ, ಯಾರ ಮದುವೆಯಲ್ಲಿ ಯಾರು ಊಟ ಬಿಟ್ಟು ಎದ್ದರು ಎಂಬುದರವರೆಗೆ ಹೇಳಿದರು. ಉಳಿದದ್ದು ನಾಳೆ ಎಂದರು. ಆ ಸಂಜೆ ಅವರ ಗಂಡ ಮುನಿಶಾಮಪ್ಪನವರು ನನ್ನ ತಾಯಿಯ ತವರು ಯಾವುದೆಂದು ಕೇಳಿದರು. ಅಂಬಾಜಿದುರ್ಗದ ಪಕ್ಕದ ಹಳ್ಳಿ ಎಂದೆ. ಅವರು ಬೀಡಿ ಆರುವವರೆಗೂ ಯೋಚಿಸಿದರು. ಚಿಂತಾಮಣಿಗೆ ಕೊಟ್ಟ ಹೆಣ್ಣು, ಶಿಡ್ಲಘಟ್ಟದಿಂದ ತಂದ ಹೆಣ್ಣು ಎಂದು ಮನಸ್ಸಿನಲ್ಲೇ ಒಂದು ಸುತ್ತು ಹಾಕಿ ಬಂದು, "ವರಸೆಲಿ ನೀನು ನಮಗೆ ಅಳಿಯ ಆಗ್ತೀಯಲ್ಲಪ್ಪ" ಎಂದರು. ಅಲ್ಲಿಯವರಲ್ಲಿ ಒಬ್ಬನಾದೆನೆಂದು ನಾನು ಹಿಗ್ಗಿದೆ.

ಮರುದಿನ ನನ್ನನ್ನು ಕಂಡೊಡನೆ ನಂಜಮ್ಮನವರು ಬಾಗಿಲ ಹಿಂದೆ ಸರಿದರು. ಅತ್ತೆಯಾದವಳು ಅಳಿಯನಿಗೆ ಮುಖ ಕೊಟ್ಟು ಮಾತಾಡುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಇದೇ ಪದ್ಧತಿಯ ಮೇಲೆ ಹಿಂದಿನ ತಿಂಗಳಷ್ಟೇ ನಾನು ಪ್ರಬಂಧ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಅರ್ಧ ನಕ್ಷೆಗೆ ಪರೀಕ್ಷೆಯಿಲ್ಲ. ಅದು ಮುಗಿಯುವವರೆಗಾದರೂ ಈ ನೆಂಟಸ್ತಿಕೆಯನ್ನು ತಡೆಹಿಡಿಯಬಹುದೇ ಎಂದು ಮುನಿಶಾಮಪ್ಪನವರನ್ನು ಕೇಳಿಕೊಂಡೆ.

"ವರಸೆ ಅಂದ್ರೆ ಅಂಗಿ ಏನಪ್ಪ, ಬಿಚ್ಚಿ ಗೂಟಕ್ಕೆ ಹಾಕೋಕೆ?" ಎಂದರು. ಆದರೂ ಕರುಣೆಯಿಂದ ಇನ್ನೊಂದು ದಾರಿ ಹುಡುಕಿದರು. ಆ ದಾರಿಯಲ್ಲಿ ಬಂದರೆ ನಾನು ನಂಜಮ್ಮನವರಿಗೆ ತಾತನಾಗುತ್ತಿದ್ದೆ. ಅದಕ್ಕೆ ಆಕೆ ಒಪ್ಪಲಿಲ್ಲ.

ಕೊನೆಗೆ ಉಪಾಯ ಮಾಡಿದವರು ನಂಜಮ್ಮನವರೇ. ಪಡಸಾಲೆಯ ಕಂಬದ ಈಚೆ ನಾನು, ಆಚೆ ಬಾಗಿಲ ಮರೆಯಲ್ಲಿ ಅವರು. ನಾನು ಕಂಬವನ್ನು ಕೇಳುತ್ತಿದ್ದೆ, ಅವರು ಕಂಬಕ್ಕೆ ಹೇಳುತ್ತಿದ್ದರು.

"ಕಂಬಪ್ಪ, ಚೌಡಪ್ಪನ ಎರಡನೇ ಹೆಂಡ್ತಿ ಅವನ ಅಕ್ಕನ ಮಗಳೇ ಅಂತ ಬರ್ಕೊಳ್ಳೋಕೆ ಹೇಳಪ್ಪ. ಹಂಗೇ, ಮುದ್ದೆ ಆರೋಗ್ತದೆ, ಎದ್ದು ಕೈ ತೊಳ್ಕೊಳ್ಳಲಿ."

ಕಂಬ ಯಾರ ಪರವೂ ವಹಿಸದೆ ನೆಟ್ಟಗೆ ನಿಂತಿತ್ತು. ಮೇಷ್ಟ್ರು ತರಗತಿಯಲ್ಲಿ ನಮ್ಮಿಂದ ಬಯಸುತ್ತಿದ್ದುದೂ ಅದನ್ನೇ.

ನಕ್ಷೆ ಪೂರ್ತಿಯಾಯಿತು. ಮಾಹಿತಿ ಕೊಟ್ಟವರಿಂದ ಈ ವಿದ್ಯಾರ್ಥಿ ಕಾಪಾಡಿಕೊಂಡಿರುವ ಅಂತರ ಮೆಚ್ಚತಕ್ಕದ್ದು ಎಂದು ಮೇಷ್ಟ್ರು ಅದರ ಅಂಚಿನಲ್ಲಿ ಬರೆದರು. ಪರೀಕ್ಷೆಗೆ ಕೂತೆ, ಪಾಸಾದೆ.

ಆ ಶಿಕ್ಷಣ ವ್ಯರ್ಥವಾಗಿಲ್ಲ. ಈಗ ನನ್ನ ಹೆಂಡತಿ ಸಿಟ್ಟು ಬಂದಾಗ ನನಗೆ ಹೇಳಬೇಕಾದ್ದನ್ನೆಲ್ಲ ಗೋಡೆಗೆ ಹೇಳುತ್ತಾಳೆ. ಬೇರೆ ಗಂಡಂದಿರಾದರೆ ಎದ್ದು ಹೊರಗೆ ಹೋಗುತ್ತಾರೆ. ನಾನು ಪೆನ್ಸಿಲ್ ಹುಡುಕುತ್ತೇನೆ.