ಆಕಾಶಕ್ಕೊಂದು ಕಳಪೆ ಕಾಯಿ

ಯಾರಾದರೂ ಮರದಿಂದ ಬಿದ್ದರೆ ನೀವು ಏನು ಕೇಳುತ್ತೀರಿ? ಪೆಟ್ಟಾಯಿತೇ ಎಂದು ತಾನೇ? ನಮ್ಮ ಸೋದರಮಾವ ಹಾಗೆ ಕೇಳಿದವರೇ ಅಲ್ಲ. ಕಾಯಿ ಕೀಳುವ ಸಿದ್ದಣ್ಣ ಒಮ್ಮೆ ಅರ್ಧ ಮರದಿಂದ ಜಾರಿ, ಬದುವಿನ ಮೇಲೆ ಕೂತು ಸೊಂಟ ನೀವಿಕೊಳ್ಳುತ್ತಿದ್ದಾಗ, ಕುಂಟುಕಾಲಿನಲ್ಲೇ ಓಡಿ ಬಂದ ಮಾವ ಕೇಳಿದ್ದು ಒಂದೇ ಮಾತು: "ಬೀಳೋವಾಗ ಹೆಂಗನ್ನಿಸ್ತಪ್ಪಾ?"

ಸಿದ್ದಣ್ಣ ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವಂತಿಲ್ಲ.

ಮಾವ ನೊಣವಿನಕೆರೆ ಕಡೆಯ ನಮ್ಮೂರ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನಮ್ಮ ದೇಶದವರೊಬ್ಬರು ಬಾಹ್ಯಾಕಾಶಕ್ಕೆ ಹೋಗಿ ಬಂದ ಹೊಸತು. ತೂಕವೇ ಇಲ್ಲದ ಆ ಜಾಗದಲ್ಲಿ ಮಾಡುವಂಥ ಪುಟ್ಟ ಪ್ರಯೋಗಗಳನ್ನು ಶಾಲಾ ಮಕ್ಕಳು ಸೂಚಿಸಬಹುದೆಂದು ಪತ್ರಿಕೆಯಲ್ಲಿ ಬಂತು. ಷರತ್ತೆಂದರೆ, ಸಾಮಾನೆಲ್ಲ ಒಂದು ಊಟದ ಡಬ್ಬಿಯೊಳಗೆ ಹಿಡಿಯಬೇಕು. ಅಂದಿನಿಂದ ಮಾವನಿಗೆ ಊಟ ಸೇರಲಿಲ್ಲ. ಡಬ್ಬಿ ಮಾತ್ರ ಕಂಕುಳು ಬಿಡಲಿಲ್ಲ.

ನಮ್ಮ ತರಗತಿಯಲ್ಲಿ ಮಾವ ಕೇಳಿದಾಗ ಒಬ್ಬ ಕೋಳಿ ಕಳಿಸೋಣ ಎಂದ, ಮೊಟ್ಟೆ ಕೆಳಗೆ ಬೀಳುತ್ತದೋ ಇಲ್ಲವೋ ನೋಡಲು. ನನಗೆ ಹೊಳೆದದ್ದು ನಮ್ಮ ಮನೆಯ ಅಟ್ಟ. ಅಲ್ಲಿ ವರ್ಷವಿಡೀ ಒಣಗಿದ ಕಾಯಿಯೊಳಗೆ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ತೂಕವಿಲ್ಲದಿದ್ದರೆ ಆ ಉಂಡೆ ಚಿಪ್ಪಿಗೆ ತಾಗದೆ ನಡುವೆಯೇ ತೇಲುತ್ತದಾ ಎಂದು ಕೇಳಿದೆ. ಮಾವ ಸೀಮೆಸುಣ್ಣ ಕೆಳಗೆ ಹಾಕಿಬಿಟ್ಟರು.

ಅಂದು ಸಂಜೆಯೇ ಅಟ್ಟ ಹತ್ತಿ ಒಂದೊಂದೇ ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸತೊಡಗಿದರು. ಒಣಗಿ ಕೊಬ್ಬರಿಯಾಗುವವರೆಗೂ ಅಟ್ಟದ ಕಾಯಿ ಮುಟ್ಟಬಾರದೆಂಬುದು ಅಜ್ಜಿಯ ಕಟ್ಟಳೆ.

"ಲೇ, ಮಲಗಿರೋ ಕಾಯಿ ಎಬ್ಬಿಸಬ್ಯಾಡ ಕಣ್ಲಾ!"

"ಎಬ್ಬಿಸ್ತಿಲ್ಲ ಕಣವ್ವಾ, ನಾಡಿ ನೋಡ್ತಿದೀನಿ."

ಯಾವ ಕಾಯಿಯೂ ಡಬ್ಬಿಗೆ ಹಿಡಿಯಲಿಲ್ಲ. ಬೆಳೆಯದೆ ಕುಗ್ಗಿದ ಪುಟ್ಟ ಕಾಯಿಗಾಗಿ ಮಾವ ಊರೂರು ಸುತ್ತಿ ತೋಟದವರನ್ನು ವಿಚಾರಿಸಿದರು: "ನಿಮ್ಮಲ್ಲಿ ಕಳಪೆ ಕಾಯಿ ಇದಾವಾ?" ತಿಪಟೂರು ಸೀಮೆಯಲ್ಲಿ ಕೇಳುವ ಮಾತೇ ಇದು! ಹೆಣ್ಣು ಕೇಳಲು ಹೋಗಿ, ನಿಮ್ಮ ಮಗಳಿಗೆ ಮೆಳ್ಳೆಗಣ್ಣಾ ಎಂದಂತೆ. "ನಮ್ ತೋಟದಾಗೆ ಅಂಥವಿಲ್ಲ ಕಣ್ರೀ ಮೇಷ್ಟ್ರೇ," ಎಂದು ಹಂದನಕೆರೆಯ ಗೌಡರು ಕಾಫಿಯನ್ನೂ ಕೊಡದೆ ಕಳಿಸಿದರು. ಕೊನೆಗೆ ನಮ್ಮ ತೋಟದ ಮೂಲೆಯ ಮುದಿ ಮರದ್ದೇ, ನಿಂಬೆಗಿಂತ ತುಸು ದಪ್ಪನೆಯ ಒಂದು ಕಾಯಿ ಅಟ್ಟದ ಸಂದಿಯಲ್ಲಿ ಸಿಕ್ಕಿತು. ಒಳಗೆ ಲೊಡಲೊಡ. ಮಾವ ಅದಕ್ಕೆ ಕುಂಕುಮ ಇಟ್ಟರು.

ಅರ್ಜಿ ಹೋಯಿತು. ನನ್ನ ಪ್ರಶ್ನೆ ಆಕಾಶಕ್ಕೆ ಹೋಗಲೇಬೇಕೆಂದು ನಾನು ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಉತ್ತರವೂ ಬಂತು: ಯೋಚನೆ ಸೊಗಸಾಗಿದೆ, ಆಯ್ಕೆಯಾಗಿಲ್ಲ. ನಾನು ಕೊಟ್ಟಿಗೆಯಲ್ಲಿ ಎಮ್ಮೆಯ ಪಕ್ಕ ಕೂತು ಅತ್ತೆ.

ಮಾವ ಹುಡುಕಿಕೊಂಡು ಬಂದರು. ಕೊಟ್ಟಿಗೆಯ ಮೋಟುಗೋಡೆಯ ಕೆಳಗೆ ರಾಗಿಹುಲ್ಲು ಹರಡಿ, ಆ ಕಾಯಿಯನ್ನು ನನ್ನ ಕೈಗಿತ್ತರು.

"ಕಿವಿಗಿಟ್ಕೊಂಡು ಹಾರು. ಬೀಳೋ ವಸ್ತುಗೂ ತೂಕ ಇರಲ್ಲ ಕಣೇ. ಅಷ್ಟು ಹೊತ್ತು ನೀನೂ ಆಕಾಶದಾಗಿದ್ದಂಗೇ."

ಹಾರಿದೆ. ಗೋಡೆ ಬಿಟ್ಟ ಮೇಲೆ ಕಾಯಿ ಸುಮ್ಮನಾಯಿತು. ಒಂದಿಷ್ಟೂ ಸದ್ದಿಲ್ಲ. ಹುಲ್ಲಿಗೆ ಬಿದ್ದಾಗ ಲೊಡ್ ಎಂದಿತು.

"ತೇಲ್ತು ಮಾವ!"

"ಹೆಂಗನ್ನಿಸ್ತು?" ಅವರ ಕಣ್ಣು ನನ್ನ ಕಣ್ಣಿಗಿಂತ ಹೆಚ್ಚು ಹೊಳೆಯುತ್ತಿತ್ತು.

ಹೇಳಲು ಬಾಯಿ ತೆರೆದವಳಿಗೆ ಅವರ ಸೊಟ್ಟಕಾಲು ಕಂಡಿತು. ಹುಡುಗನಾಗಿದ್ದಾಗ ತೆಂಗಿನಮರದಿಂದ ಬಿದ್ದು ಊನವಾದ ಕಾಲು. ಹತ್ತಬೇಡ ಎಂದರೂ ಹತ್ತಿದ್ದೇಕೆಂದು ಅಂದು ಊರೆಲ್ಲ ಬೈದಿತ್ತಂತೆ. ಅಜ್ಜಿ ಈಗಲೂ ಬೈಯುತ್ತಿದ್ದಳು. ಬೇರೆ ಏನನ್ನೂ ಯಾರೂ ಕೇಳಿದ್ದಿಲ್ಲ.

"ಮಾವ, ನೀವು ಬಿದ್ರಲ್ಲ, ಆವಾಗ ನಿಮಗೆ ಹೆಂಗನ್ನಿಸ್ತು?"

ಅವರು ಹುಲ್ಲಿನ ಮೇಲೆ ನನ್ನ ಪಕ್ಕ ಕೂತರು. ಕಾಯಿ ತೆಗೆದುಕೊಂಡು ಕಿವಿಗೆ ಹಿಡಿದರು, ಅಲ್ಲಾಡಿಸಲಿಲ್ಲ.

"ಬಲು ಹಗುರ ಕಣೇ," ಎಂದರು. "ಯಾರೂ ಕೇಳಿರ್ಲಿಲ್ಲ ನೋಡು."